‘ಯಾರು?’ ಎಂಬ ಪ್ರಶ್ನೆ: ಕಬ್ಬಿನ ಬಗ್ಗೆ ಬರೆದವರಿಗೆ ಒಂದು ಉತ್ತರ

ಪ್ರಿಯ ಮಿತ್ರರೇ,

ಕಬ್ಬು ಬೆಳೆಗಾರರು ಮತ್ತು ಸಕ್ಕರೆ ಕಾರ್ಖಾನೆಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಶ್ರಮಪಟ್ಟು ಬರೆದಿದ್ದೀರಿ. ಭಾಷೆಯಲ್ಲಿ ತಪ್ಪುಗಳಿಲ್ಲ, ಸಕ್ಕರೆ ಉದ್ಯಮದ ಮೇಲಿನ ನಿಯಂತ್ರಣಗಳನ್ನು ಪರಿಶೀಲಿಸಿದ ರಂಗರಾಜನ್ ಸಮಿತಿಯ ವರದಿಯವರೆಗೂ ಹೋಗಿ ನೋಡಿದ್ದೀರಿ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಅಷ್ಟನ್ನೇ ಬರೆದು ಮುಗಿಸಬಹುದಿತ್ತು. ನಿಮ್ಮ ಒಂದು ವಾಕ್ಯ ಎರಡು ದಿನದಿಂದ ನನ್ನನ್ನು ಬಿಡದೆ ಕಾಡುತ್ತಿರುವುದರಿಂದ ಪತ್ರ ಉದ್ದವಾಗುತ್ತಿದೆ.

ಆ ವಾಕ್ಯ ಇದು: ‘ಬಂಡವಾಳಶಾಹಿಗಳು ಮತ್ತು ರೈತರ ನಡುವಿನ ಸಂಘರ್ಷದಲ್ಲಿ ಸರ್ಕಾರ ಮೂಕಪ್ರೇಕ್ಷಕನಾಗಿದೆ.’

ಈ ಮಾತನ್ನು ನಾವೆಲ್ಲ ಎಷ್ಟು ಸಲ ಓದಿದ್ದೇವೆಂದರೆ ಅದು ನಿಜವೋ ಅಲ್ಲವೋ ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ಸಕ್ಕರೆಯ ಮಟ್ಟಿಗೆ ಇದು ಸುಳ್ಳು. ಪ್ರೇಕ್ಷಕ ಎಂದರೆ ಆಟದ ಹೊರಗೆ ಕುಳಿತವನು. ಇಲ್ಲಿ ಸರ್ಕಾರ ಹೊರಗಿರುವ ಜಾಗ ಒಂದಾದರೂ ಇದೆಯೇ? ಕಬ್ಬಿಗೆ ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು, ಅಂದರೆ ಎಫ್‌ಆರ್‌ಪಿಯನ್ನು, ಪ್ರತಿ ವರ್ಷ ಗೊತ್ತುಮಾಡುವುದು ಕೇಂದ್ರ ಸರ್ಕಾರ. ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಕನಿಷ್ಠ 15 ಕಿಲೋಮೀಟರ್ ಅಂತರವಿರಬೇಕೆಂದು ವಿಧಿಸಿದ್ದೂ ಅದೇ. ಹಾಗಾಗಿ ನಿಮ್ಮ ಹೊಲದ ಸುತ್ತ ಎಷ್ಟು ಕೊಳ್ಳುವವರು ಇರಬಹುದು ಎಂಬುದನ್ನೂ ದೆಹಲಿಯ ಆದೇಶ ತೀರ್ಮಾನಿಸುತ್ತದೆ. ಸಕ್ಕರೆಯನ್ನು ಕಿಲೋಗೆ 29 ರೂಪಾಯಿಗಿಂತ ಕಡಿಮೆಗೆ ಕಾರ್ಖಾನೆಗಳು ಮಾರಬಾರದೆಂದು 2018ರ ಜೂನ್‌ನಲ್ಲಿ ಹೇಳಿದ ಕೇಂದ್ರ, 2019ರ ಫೆಬ್ರವರಿಯಲ್ಲಿ ಅದನ್ನು 31ಕ್ಕೆ ಏರಿಸಿತು. ಯಾವ ತಿಂಗಳು ಯಾವ ಕಾರ್ಖಾನೆ ಎಷ್ಟು ಸಕ್ಕರೆ ಮಾರಬೇಕು, ಎಷ್ಟನ್ನು ಹೊರದೇಶಕ್ಕೆ ಕಳುಹಿಸಬಹುದು, ಎಥೆನಾಲ್ ಲೀಟರಿಗೆ ಎಷ್ಟು, ಎಲ್ಲವೂ ಸರ್ಕಾರದ ಕೈಯಲ್ಲಿವೆ. 2023ರ ಡಿಸೆಂಬರ್ 7ರಂದು, ಹಂಗಾಮು ನಡೆಯುತ್ತಿರುವಾಗಲೇ, ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಡಿ ಎಂದು ಆದೇಶ ಹೊರಡಿಸಿ, ಸುಮಾರು ಒಂದು ವಾರದಲ್ಲಿ ಅದನ್ನು ಸಡಿಲಿಸಿದ್ದು ಕೂಡ ಇದೇ ‘ಪ್ರೇಕ್ಷಕ’.

ಇದು ಇಂದಿನ ಕಥೆಯೂ ಅಲ್ಲ. ಕೃಷ್ಣರಾಜಸಾಗರದ ನೀರನ್ನು ಇರ್ವಿನ್ ನಾಲೆಯಲ್ಲಿ (ಇಂದಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯದ ಬಯಲಿಗೆ ಹರಿಸಿದ್ದು ಮೈಸೂರು ಸಂಸ್ಥಾನ. ಆ ನೀರಿಗೆ ತಕ್ಕ ಬೆಳೆಯೆಂದು ಕಬ್ಬನ್ನು ಬೆಳೆಸಿದವರು, ಆ ಕಬ್ಬು ನುರಿಸಲು 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯನ್ನು ಕಟ್ಟಿಸಿದವರು ಆ ಸಂಸ್ಥಾನದವರೇ. ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ ಅದರ ಹಿಂದಿದ್ದರು. ಬೆಳೆಗಾರ, ಕಾರ್ಖಾನೆ, ಮಾರುಕಟ್ಟೆ ಮೂರನ್ನೂ ಒಂದೇ ಕಡೆಯಿಂದ ರೂಪಿಸಿದ ರಾಜ್ಯವನ್ನು ಆಮೇಲೆ ನಾವು ಅಂಗಳದಾಚೆ ನಿಂತು ನೋಡುವವನೆಂದು ಬರೆಯುವುದು ಹೇಗೆ? ಹಾಗೆ ಬರೆದ ಕೂಡಲೇ ರೈತ ಒಂದು ಕಡೆ, ಮಾಲೀಕ ಇನ್ನೊಂದು ಕಡೆ ನಿಲ್ಲುತ್ತಾರೆ, ಮೂರನೆಯವನು ಯಾವ ಲೆಕ್ಕವನ್ನೂ ಕೊಡದೆ ತಪ್ಪಿಸಿಕೊಳ್ಳುತ್ತಾನೆ. ನಿಮ್ಮ ಕೋಪ ಸರ್ಕಾರದ ಮೇಲೆಯೇ ಇದೆ. ಆದರೆ ನಿಮ್ಮ ವಾಕ್ಯ ಆ ಸರ್ಕಾರವನ್ನೇ ಬಿಡುಗಡೆ ಮಾಡಿ ಕಳುಹಿಸಿದೆ.

ಇದಕ್ಕೆ ಮೂಲ ನಿಮ್ಮ ವ್ಯಾಕರಣದಲ್ಲಿದೆ. ಲೇಖನದಲ್ಲಿ ‘ಲಾಗಿದೆ’, ‘ಲಾಯಿತು’, ‘ಲಾಗುತ್ತಿದೆ’ ಎಂದು ಮುಗಿಯುವ ವಾಕ್ಯಗಳನ್ನು ಎಣಿಸಿದೆ. ನಲವತ್ತೊಂದು ಇವೆ. ಮನೆಯಲ್ಲಿ ನಾವು ಹೀಗೆ ಮಾತಾಡುವುದಿಲ್ಲ. ಅಮ್ಮ ರೊಟ್ಟಿ ಬಡಿದಳು ಎನ್ನುತ್ತೇವೆ, ರೊಟ್ಟಿ ಬಡಿಯಲಾಯಿತು ಎನ್ನುವುದಿಲ್ಲ. ಈ ರೂಪ ಬಂದದ್ದು ಕಚೇರಿಯ ಕಡತದಿಂದ. ಕಡತಕ್ಕೆ ಅದು ಬೇಕು. ಸಹಿ ಹಾಕಿದವರು ವರ್ಗವಾಗಿ ಹೋಗುತ್ತಾರೆ, ಆದೇಶ ಉಳಿಯುತ್ತದೆ. ಅಧಿಕಾರ ಮತ್ತು ಹಣದ ಸಂಬಂಧದ ಬಗ್ಗೆ ಬರೆಯುವವರು ಅದನ್ನು ಎತ್ತಿಕೊಂಡರೆ ತಾವು ಹುಡುಕಬೇಕಾದವರನ್ನು ತಾವೇ ಬಚ್ಚಿಟ್ಟಂತೆ ಆಗುತ್ತದೆ.

ಮೂರು ವಾಕ್ಯಗಳನ್ನು ತೆಗೆದುಕೊಳ್ಳುತ್ತೇನೆ.

‘2025-26ನೇ ಸಾಲಿಗೆ ಟನ್ನಿಗೆ 3,550 ರೂಪಾಯಿ ನಿಗದಿಪಡಿಸಲಾಗಿದ್ದರೂ, ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಕೇವಲ 3,500 ರೂಪಾಯಿಗಾಗಿ ರಸ್ತೆಗಿಳಿಯಬೇಕಾಯಿತು.’ ಕೇಂದ್ರ ಗೊತ್ತುಮಾಡಿದ್ದಕ್ಕಿಂತ ಕಡಿಮೆ ಕೇಳಲು ರೈತರು ಹೆದ್ದಾರಿಯಲ್ಲಿ ಕುಳಿತರೇ? ಇದನ್ನು ಬರೆಯುವಾಗ ನಿಮಗೆ ಅನುಮಾನ ಬರಬೇಕಿತ್ತು. 3,550 ರೂಪಾಯಿ ಶೇ 10.25 ಇಳುವರಿಯ (ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು ಅಷ್ಟಿರುವ) ಕಬ್ಬಿಗೆ, ಕಾರ್ಖಾನೆಯ ಬಾಗಿಲಲ್ಲಿ. ಕಟಾವು ಮತ್ತು ಸಾಗಾಣಿಕೆಯ ವೆಚ್ಚವೆಂದು ಅದರಲ್ಲಿ ಎಂಟು ನೂರು, ಒಂಬತ್ತು ನೂರು ರೂಪಾಯಿಯನ್ನು ಕಾರ್ಖಾನೆ ಮುರಿದುಕೊಳ್ಳುತ್ತದೆ. ಆ ಸಾಲಿನ ಲೆಕ್ಕದಲ್ಲಿ ಇಳುವರಿ ಶೇ 0.1ರಷ್ಟು ಏರಿದರೆ ಟನ್ನಿಗೆ 34 ರೂಪಾಯಿ 60 ಪೈಸೆ ಏರುತ್ತದೆ, ಆದರೆ ಆ ಇಳುವರಿಯನ್ನು ಅಳೆಯುವುದು ಕಾರ್ಖಾನೆಯದೇ ಪ್ರಯೋಗಾಲಯ. ಅದೂ ನಿಮ್ಮ ಹೊಲದ ಕಬ್ಬಿನದಲ್ಲ, ಇಡೀ ಕಾರ್ಖಾನೆಯ ಸರಾಸರಿ. ಗುರ್ಲಾಪುರದ ರೈತರು ಕೇಳಿದ್ದು ಈ ಕಡಿತಗಳೆಲ್ಲ ಹೋಗಿ ಕೈಗೆ ಬರುವ 3,500. ಕೊನೆಗೆ 2025ರ ನವೆಂಬರ್ 7ರಂದು ಮುಖ್ಯಮಂತ್ರಿಗಳ ಸಭೆಯಲ್ಲಿ 3,300ಕ್ಕೆ ಮಾತು ನಿಂತಿತು. ಅದರಲ್ಲಿ 50 ರೂಪಾಯಿಯನ್ನು ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಕೊಡಲು ಒಪ್ಪಿತು. ಕಾರ್ಖಾನೆ ಕೊಡಬೇಕಾದ ಬೆಲೆಯ ಒಂದು ಪಾಲನ್ನು ತೆರಿಗೆ ಕಟ್ಟುವವರು ಹೊತ್ತದ್ದೇಕೆ? ನಿಮ್ಮ ಲೇಖನದ ಜೀವ ಆ ಐವತ್ತು ರೂಪಾಯಿಯಲ್ಲಿತ್ತು. ನೀವು ಅದನ್ನು ಒಂದು ಅಡ್ಡಮಾತಿನಲ್ಲಿ ದಾಟಿ ಹೋಗಿದ್ದೀರಿ.

‘ಬಾಕಿ ಹಣದ ಪಾವತಿಯನ್ನು ವಿಳಂಬಿಸಲಾಗುತ್ತಿದೆ.’ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಹಾಗಾದರೆ ಇಲ್ಲಿ ಇಬ್ಬರಿದ್ದಾರೆ: ಕೊಡದವರು ಮತ್ತು ವಸೂಲಿ ಮಾಡದವರು. ನಿಮ್ಮ ಕ್ರಿಯಾಪದ ಇಬ್ಬರನ್ನೂ ನುಂಗಿದೆ.

‘ಈ ಕ್ಷೇತ್ರದಲ್ಲಿ ರಾಜಕೀಯ ಪ್ರಭಾವವನ್ನು ಬಳಸಲಾಗುತ್ತಿದೆ.’ ಪ್ರಭಾವ ಎಂದರೆ ಹೊರಗಿನಿಂದ ಬೀಳುವಂಥದ್ದು. ನಮ್ಮ ವಿಧಾನಸಭೆಯಲ್ಲಿ ಕಾರ್ಖಾನೆಗಳ ಒಡೆತನವಿರುವವರು ಎಲ್ಲ ದೊಡ್ಡ ಪಕ್ಷಗಳ ಸಾಲಿನಲ್ಲೂ ಕುಳಿತಿದ್ದಾರೆ. ಕಬ್ಬು ಕೊಡುವ ಹಳ್ಳಿಗಳೇ ಮತ ಕೊಡುವ ಹಳ್ಳಿಗಳು. ಬೆಳೆಸಾಲ ಕೊಡುವ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯಲ್ಲೂ ಎಷ್ಟೋ ಕಡೆ ಅದೇ ಮನೆತನದವರು. ಬೆಳೆಗಾರ ಒಬ್ಬನೇ ಮನುಷ್ಯನಿಗೆ ಕಬ್ಬು ಮಾರುತ್ತಾನೆ, ಅವನ ಬ್ಯಾಂಕಿಗೆ ಸಾಲಗಾರನಾಗಿರುತ್ತಾನೆ, ಅವನಿಗೇ ಮತ ಹಾಕುತ್ತಾನೆ. ಇಲ್ಲಿ ಯಾರು ಯಾರ ಮೇಲೆ ಪ್ರಭಾವ ಬೀರುತ್ತಾರೆ?

ನಾನು ಇಷ್ಟು ಕಟುವಾಗುವುದಕ್ಕೆ ಕಾರಣವಿದೆ. ತರಬೇತಿಗೆ ಸೇರಿದ ಮೊದಲ ವರ್ಷ, ಒಂದು ತಾಲ್ಲೂಕಿನಿಂದ ಸುದ್ದಿ ತಂದಿದ್ದೆ. ‘ಮೆಕ್ಕೆಜೋಳದ ಖರೀದಿ ಕೇಂದ್ರವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ’ ಎಂದು ಬರೆದಿದ್ದೆ. ನಮ್ಮ ಮುಖ್ಯ ಉಪಸಂಪಾದಕರು ಕೊನೆಯ ಪದಕ್ಕೆ ನೀಲಿ ಪೆನ್ಸಿಲ್‌ನಿಂದ ಸುತ್ತು ಹಾಕಿ, ಪಕ್ಕದಲ್ಲಿ ‘ಯಾರು?’ ಎಂದು ಬರೆದು ಹಾಳೆಯನ್ನು ಮರಳಿಸಿದರು. ಮಾತು ಅಷ್ಟೇ. ಮರುದಿನ ಬೆಳಗಿನ ಬಸ್ಸಿಗೆ ಮತ್ತೆ ಹೋದೆ. ಕೇಂದ್ರದ ಗುಮಾಸ್ತರು ಗೋಣಿಚೀಲ ಬಂದಿಲ್ಲ ಎಂದರು. ಗೋದಾಮಿನವರು ಬೇಡಿಕೆ ಪತ್ರವೇ ತಮಗೆ ತಡವಾಗಿ ತಲುಪಿತು ಎಂದರು. ಆ ಪತ್ರ ಒಬ್ಬ ಅಧಿಕಾರಿಯ ಮೇಜಿನ ಮೇಲೆ ಒಂದು ಸಹಿಗಾಗಿ ಬಿದ್ದಿತ್ತು. ಕೇಂದ್ರ ಮುಚ್ಚಿದ್ದ ಹನ್ನೊಂದು ದಿನ, ಬಾಡಿಗೆ ಟ್ರ್ಯಾಕ್ಟರಿನಲ್ಲಿ ಮಾಲು ತಂದವರು ಅದನ್ನು ಹಿಂದಕ್ಕೆ ಒಯ್ಯಲಾಗದೆ ಪೇಟೆಯ ವ್ಯಾಪಾರಿಗಳಿಗೆ ಸಿಕ್ಕ ಬೆಲೆಗೆ ಕೊಟ್ಟು ಹೋದರು. ಹನ್ನೆರಡನೆಯ ದಿನ ಚೀಲ ಬಂದವು. ಅದೇ ಜೋಳ, ಅದೇ ರೈತರಿಂದ ಪಡೆದ ಪಹಣಿಗಳ ಜೊತೆ, ವ್ಯಾಪಾರಿಗಳ ಲಾರಿಯಲ್ಲಿ ಅದೇ ಕೇಂದ್ರಕ್ಕೆ ಬಂದು ಬೆಂಬಲ ಬೆಲೆ ಪಡೆಯಿತು. ಇವೆಲ್ಲವನ್ನೂ ನಾನು ಮೊದಲು ‘ಸ್ಥಗಿತಗೊಳಿಸಲಾಗಿದೆ’ ಎಂಬ ಒಂದು ಪದದಲ್ಲಿ ಮುಚ್ಚಿಟ್ಟಿದ್ದೆ. ಆ ನೀಲಿ ಸುತ್ತು ಇಂದಿಗೂ ನನ್ನ ಕಣ್ಣ ಮುಂದಿದೆ.

ಶೀರ್ಷಿಕೆ, ಉದ್ದ, ಜಾಗತೀಕರಣದ ಬಗ್ಗೆ ನಿಮ್ಮ ಕೊನೆಯ ಎರಡು ಪುಟ, ಇವುಗಳ ಬಗ್ಗೆ ಏನೂ ಹೇಳುವುದಿಲ್ಲ. ಅವು ತಾವಾಗಿ ಸರಿಹೋಗುತ್ತವೆ, ಇಲ್ಲವೇ ಉದುರಿ ಹೋಗುತ್ತವೆ.

ಇನ್ನೊಂದು ಮಾತು. ಲೇಖನದ ಜೊತೆ ಇಟ್ಟಿದ್ದ ಪತ್ರದಲ್ಲಿ ಹೀಗೆ ಬರೆದಿದ್ದೀರಿ: ‘ಹೋದ ಹಂಗಾಮಿನಲ್ಲಿ ನಮ್ಮ ಕಬ್ಬು ಕಡಿಸಲು ಅಪ್ಪ ಕಾರ್ಖಾನೆಯ ಫೀಲ್ಡ್‌ಮನ್ ಮನೆಗೆ ಮೂರು ಸಲ ಹೋಗಿ ಬಂದರು. ಗ್ಯಾಂಗ್ ಬರುವಷ್ಟರಲ್ಲಿ ಕಬ್ಬು ಸೂಲಂಗಿ (ಹೂ) ಬಿಟ್ಟಿತ್ತು.’ ಲೇಖನದ ಹದಿನಾಲ್ಕು ಪುಟಗಳಲ್ಲಿ ಇದಕ್ಕೆ ಸಮನಾದ ವಾಕ್ಯ ಒಂದೂ ಇಲ್ಲ, ಇದರಲ್ಲಿ ‘ಲಾಗಿದೆ’ಯೂ ಇಲ್ಲ. ಕಟಾವಿನ ಸರದಿ ಪಟ್ಟಿಯನ್ನು ಕಾರ್ಖಾನೆಯಲ್ಲಿ ಬರೆಯುವವರು ಯಾರು? ನಿಮಗಿಂತ ತಡವಾಗಿ ನಾಟಿ ಮಾಡಿದ್ದರೂ ನಿಮಗಿಂತ ಮೊದಲು ಕಡಿಸಿಕೊಂಡವರು ಊರಿನಲ್ಲಿ ಯಾರಿದ್ದಾರೆ, ಅವರು ಕಾರ್ಖಾನೆಗೆ ಏನಾಗಬೇಕು, ಪಂಚಾಯಿತಿಯಲ್ಲಿ ಏನಾಗಿದ್ದಾರೆ? ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟವರು ಯಾರು, ಆ ಗ್ಯಾಂಗಿನವರು ಯಾವ ಊರಿನಿಂದ ಬಂದು ನಿಮ್ಮ ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡರು, ಕಟಾವು, ಸಾಗಾಣಿಕೆಯೆಂದು ಮುರಿದುಕೊಂಡ ಹಣದಲ್ಲಿ ಅವರ ಕೈಗೆ ಎಷ್ಟು ಬಂತು? ತಡವಾದ ಆ ದಿನಗಳಿಗೆ ನಿಮ್ಮ ತೂಕದ ಚೀಟಿಯಲ್ಲಿ ಎಷ್ಟು ಟನ್ ಕಡಿಮೆಯಾಯಿತು?

ಅಪ್ಪನ ಜೊತೆ ಕುಳಿತು ಆ ಮೂರು ಭೇಟಿಗಳನ್ನು ದಿನಾಂಕದೊಂದಿಗೆ ಬರೆದುಕೊಳ್ಳಿ. ಹಳೆಯ ಬಿಲ್ಲುಗಳನ್ನು ತೆಗೆದಿಡಿ. ಫೀಲ್ಡ್‌ಮನ್‌ನನ್ನೂ ಮಾತಾಡಿಸಿ, ಅವನ ಮೇಲೂ ಯಾರೋ ಇರುತ್ತಾರೆ. ಹೊಸ ಲೇಖನ ಐದು ಪುಟ ಸಾಕು, ಮುಂದಿನ ಹಂಗಾಮಿಗೆ ಕಾರ್ಖಾನೆ ಬಾಯ್ಲರ್ ಹೊತ್ತಿಸುವುದಕ್ಕೆ ಮುಂಚೆ ನನ್ನ ಕೈ ಸೇರಲಿ.

ನಿಮ್ಮ,
ಸಂಪಾದಕ