ಓದುಗರ ಪ್ರಶ್ನೆ: ಶಾಲೆಯಲ್ಲೇ ಭೂಕಂಪಮಾಪಕ ಮಾಡಬಹುದಾ?

ಪ್ರಶ್ನೆ: ನಮ್ಮದು ಹಳ್ಳಿ ಪ್ರೌಢಶಾಲೆ. ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಆರ್ಡುಯಿನೊ (ಪ್ರೋಗ್ರಾಂ ಹಾಕಿ ನಡೆಸುವ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡ್) ಬಳಸಿ ಭೂಕಂಪಮಾಪಕ ಮಾಡಲು ಹೊರಟಿದ್ದೇನೆ. ಎಂಪಿಯು-6050 ಅನ್ನುವ ಸೆನ್ಸರ್ ತರಿಸಿ ಮೇಜಿನ ಮೇಲಿಟ್ಟೆವು. ಮೇಜು ಗುದ್ದಿದರೆ ಗೆರೆ ಕುಣಿಯುತ್ತದೆ, ಬಿಟ್ಟರೆ ಬರೀ ಗಿಜಿಗಿಜಿ. ನಿಜವಾದ ಭೂಕಂಪ ಇದರಲ್ಲಿ ಸಿಗುತ್ತದಾ?
- ವಿಜ್ಞಾನ ಶಿಕ್ಷಕಿ, ಹೊಸನಗರ ತಾಲ್ಲೂಕು

ಉತ್ತರ: ಸಿಗುವುದಿಲ್ಲ ಮೇಡಂ. ಆ ಸೆನ್ಸರು ಡ್ರೋನು, ಆಟಿಕೆ ರೋಬೋಗಳ ಓಲಾಟ ಅಳೆಯಲು ಚೆನ್ನ. ಅದರದ್ದೇ ಸ್ವಂತ ಗದ್ದಲ ಹೆಚ್ಚುಕಡಿಮೆ ಗುರುತ್ವದ ಸಾವಿರದ ಒಂದು ಪಾಲಿನಷ್ಟಿರುತ್ತದೆ. ನೂರಾರು ಕಿಲೋಮೀಟರ್ ದೂರದ ಭೂಕಂಪ ನಿಮ್ಮ ಶಾಲೆಯ ನೆಲವನ್ನು ಅಲುಗಿಸುವುದು ಅದಕ್ಕಿಂತ ಎಷ್ಟೋ ಕಡಿಮೆ. ಮದುವೆಮನೆಯಲ್ಲಿ ವಾಲಗದವರ ಪಕ್ಕ ಕೂತು ಪಿಸುಮಾತು ಕೇಳಿಸಿಕೊಂಡ ಹಾಗಾಗುತ್ತದೆ.

ಅದರ ಬದಲು ಹಳೇ ಕಾಲದ ದಾರಿ ಹಿಡಿಯಿರಿ. ಮೆತ್ತನೆಯ ಸ್ಪ್ರಿಂಗಿಗೆ ಒಂದು ಕಡ್ಡಿ ಕಟ್ಟಿ, ಕಡ್ಡಿಯ ತುದಿಗೆ ಗಟ್ಟಿ ಅಯಸ್ಕಾಂತ ನೇತುಹಾಕಿ. ಅದರ ಸುತ್ತ ಮುಟ್ಟದ ಹಾಗೆ ತಂತಿಯ ಸುರುಳಿಯನ್ನು ನೆಲಕ್ಕೆ ಭದ್ರ ಮಾಡಿ. ನೆಲ ಅಲುಗಿದರೆ ಸುರುಳಿ ಅಲುಗುತ್ತದೆ, ಅಯಸ್ಕಾಂತ ಮಾತ್ರ ಸೋಮಾರಿಯ ಹಾಗೆ ಇದ್ದಲ್ಲೇ ಇರುತ್ತದೆ. ಆ ವ್ಯತ್ಯಾಸಕ್ಕೆ ಸುರುಳಿಯಲ್ಲಿ ಚೂರು ವಿದ್ಯುತ್ತು ಹುಟ್ಟುತ್ತದೆ, ಅದನ್ನು ಆರ್ಡುಯಿನೊ ಓದಿ ಬರೆದಿಡುತ್ತದೆ. ಇಷ್ಟೇ ಯಂತ್ರ. ಸುರುಳಿಗೆ ಬೇಕಾದ ಎಳೆ ತಂತಿಯನ್ನು ಪಟ್ಟಣದ ಫ್ಯಾನ್ ವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಕೊಡುತ್ತಾರೆ. ಎರಡು ಸಾವಿರ ಸುತ್ತು ಸುತ್ತಬೇಕು, ಮಕ್ಕಳಿಗೆ ಸರದಿ ಹಾಕಿ, ಎಣಿಕೆ ತಪ್ಪಿದರೆ ಬೈಯಬೇಡಿ, ಐವತ್ತು ಸುತ್ತು ಆಚೀಚೆ ಆದರೆ ಏನೂ ಆಗುವುದಿಲ್ಲ.

ಸ್ಪ್ರಿಂಗಿನ ಲೆಕ್ಕವನ್ನೂ ಅವರಿಂದಲೇ ಮಾಡಿಸಿ. ತೂಕ ಕಟ್ಟಿದಾಗ ಅದು 25 ಸೆಂ.ಮೀ. ಜಗ್ಗಿದರೆ ಒಂದು ಸಲ ಮೇಲೆ ಕೆಳಗೆ ಆಡಲು ಸುಮಾರು 1 ಸೆಕೆಂಡ್ ಹಿಡಿಯುತ್ತದೆ, 1 ಮೀಟರ್ ಜಗ್ಗಿದರೆ 2 ಸೆಕೆಂಡ್. ಇದು ನಿಧಾನವಾದಷ್ಟೂ ದೂರದ ಭೂಕಂಪಕ್ಕೆ ಒಳ್ಳೆಯದು.

ಈಗ ಎಲ್ಲರೂ ಬಿಟ್ಟುಬಿಡುವ ಭಾಗ. ಸ್ಪ್ರಿಂಗು ಒಮ್ಮೆ ತೂಗಲು ಶುರು ಮಾಡಿದರೆ ನಿಲ್ಲುವುದೇ ಇಲ್ಲ. ಬಾಗಿಲು ಬಡಿದದ್ದಕ್ಕೆ ಹತ್ತು ನಿಮಿಷ ಗೆರೆ ಕುಣಿಯುತ್ತಿದ್ದರೆ ಅದು ನೆಲದ ಕಥೆಯಲ್ಲ, ಸ್ಪ್ರಿಂಗಿನ ಕಥೆ. ಕಡಿವಾಣ ಬೇಕು. ನಾನು ಮೊದಲ ಸಲ ಮಾಡಿದಾಗ ಕಡ್ಡಿಯ ಕೆಳತುದಿಗೆ ತಗಡಿನ ತುಂಡು ಅಂಟಿಸಿ, ಅದು ಎಣ್ಣೆಯಲ್ಲಿ ಮುಳುಗಿರುವ ಹಾಗೆ ಮಾಡಿದ್ದೆ. ಮನೆಯಲ್ಲಿ ಕೈಗೆ ಸಿಕ್ಕಿದ್ದು ತೆಂಗಿನೆಣ್ಣೆ. ಅಕ್ಟೋಬರಿನಲ್ಲಿ ಬೊಂಬಾಟಾಗಿ ಕೆಲಸ ಮಾಡಿತು. ಡಿಸೆಂಬರ್ ಬಂತು ನೋಡಿ, ಎರಡು ವಾರ ಗೆರೆ ಹಲಗೆಯ ಹಾಗೆ ನೆಟ್ಟಗೆ. ವೈರ್ ಬಿಚ್ಚಿದೆ, ಪ್ರೋಗ್ರಾಂ ತಿದ್ದಿದೆ, ಬೋರ್ಡನ್ನೇ ಬದಲಾಯಿಸಿದೆ. ಕೊನೆಗೆ ಡಬ್ಬಿಗೆ ಬೆರಳು ಅದ್ದಿ ನೋಡಿದರೆ ಎಣ್ಣೆ ಬೆಣ್ಣೆಯಾಗಿತ್ತು! ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಮಲೆನಾಡಿನ ಚಳಿಗೆ ಅದೆಲ್ಲಿ ತಡೆದೀತು. ಎಣ್ಣೆಯೇ ಬೇಕಾದರೆ ಇಂಜಿನ್ ಆಯಿಲ್ ಹಾಕಿ. ಅದಕ್ಕಿಂತ ಒಳ್ಳೆಯದು ದಪ್ಪ ತಾಮ್ರದ ಪೈಪಿನ ತುಂಡು. ಕಡ್ಡಿಗೆ ಇನ್ನೊಂದು ಅಯಸ್ಕಾಂತ ಕಟ್ಟಿ ಆ ಪೈಪಿನೊಳಗೆ ಇಳಿಬಿಟ್ಟರೆ, ಅದು ಆಡುವಾಗ ತಾಮ್ರದಲ್ಲಿ ಹುಟ್ಟುವ ವಿದ್ಯುತ್ತೇ ಅದನ್ನು ತಡೆಯುತ್ತದೆ. ಬೆರಳಲ್ಲಿ ಒತ್ತಿ ಬಿಡಿ, ಒಂದೆರಡು ಸಲ ತೂಗಿ ನಿಂತರೆ ಸರಿಯಾಗಿದೆ ಅಂತ.

ಎಲೆಕ್ಟ್ರಾನಿಕ್ಸ್ ಸುಲಭ. ಆರ್ಡುಯಿನೊ ಊನೊ 5 ವೋಲ್ಟನ್ನು 1024 ಹೆಜ್ಜೆಯಾಗಿ ಮಾತ್ರ ನೋಡುತ್ತದೆ, ಒಂದು ಹೆಜ್ಜೆ ಸುಮಾರು 5 ಮಿಲಿವೋಲ್ಟ್. ನಮ್ಮ ಸುರುಳಿ ಕೊಡುವುದು ಮೈಕ್ರೋವೋಲ್ಟ್ ಲೆಕ್ಕದಲ್ಲಿ. ಹಾಗಾಗಿ ಎಡಿಎಸ್-1115 ಅನ್ನುವ ಚಿಕ್ಕ ಬೋರ್ಡ್ ಸೇರಿಸಿ. ಅದರ ಗೇನ್ (ಸಂಕೇತವನ್ನು ಹಿಗ್ಗಿಸುವ ಪಟ್ಟು) 16ಕ್ಕೆ ಇಟ್ಟರೆ ಅದು 8 ಮೈಕ್ರೋವೋಲ್ಟಿನ ಹೆಜ್ಜೆಯನ್ನೂ ಗುರುತಿಸುತ್ತದೆ. ಸುರುಳಿಯ ಎರಡು ತುದಿಗಳನ್ನು ಅದರ ಎರಡು ಇನ್‌ಪುಟ್‌ಗೆ ಕೊಡಿ, ಒಂದು ತುದಿಗೆ ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳಿಂದ 2.5 ವೋಲ್ಟ್ ಆಸರೆಯನ್ನೂ ಕೊಡಿ. ಸೆಕೆಂಡಿಗೆ 50 ಸಲ ಓದಿಸಿದರೆ ಸಾಕು. ಗಡಿಯಾರಕ್ಕೆ ಮಾತ್ರ ಜಿಪುಣತನ ಮಾಡಬೇಡಿ. ಊನೊದ ಸ್ವಂತ ಗಡಿಯಾರ ದಿನಕ್ಕೆ ನಿಮಿಷಗಟ್ಟಲೆ ಆಚೀಚೆ ಆಗಬಹುದು, ಡಿಎಸ್-3231 ಅನ್ನುವ ಗಡಿಯಾರದ ಬೋರ್ಡ್ ಹಾಕಿದರೆ ವರ್ಷಕ್ಕೆ ಒಂದು ನಿಮಿಷದ ಸುಮಾರಿಗೆ ನಿಲ್ಲುತ್ತದೆ. ಸಮಯ ಸರಿ ಇಲ್ಲದಿದ್ದರೆ ನಿಮ್ಮ ಗೆರೆಯನ್ನು ಬೇರೆಯವರ ದಾಖಲೆ ಜೊತೆ ಹೋಲಿಸುವುದು ಹೇಗೆ, ಅಲ್ವಾ?

ಎಲ್ಲಿಡಬೇಕು? ಮೇಜಿನ ಮೇಲಂತೂ ಬೇಡ, ಹಲಗೆಯ ಅಟ್ಟವೂ ಬೇಡ. ನೆಲಮಾಳಿಗೆ ಇಲ್ಲದಿದ್ದರೆ ಕೆಳಗಿನ ಕೋಣೆಯ ಮೂಲೆ, ಗಟ್ಟಿ ಜಂಬಿಟ್ಟಿಗೆ ನೆಲ ಸಿಕ್ಕರೆ ಅದೃಷ್ಟ. ಮೇಲೊಂದು ರಟ್ಟಿನ ಪೆಟ್ಟಿಗೆ ಮುಚ್ಚಿ, ಇಲ್ಲಾಂದರೆ ಗಾಳಿಯನ್ನೇ ಅಳೆಯುತ್ತೀರಿ. ಪಕ್ಕದಲ್ಲಿ ಅಡಿಕೆ ತೋಟವಿದ್ದರೆ ಗಾಳಿ ಬೀಸಿದ ದಿನ ಮರಗಳು ಬೇರಿನಿಂದಲೇ ನೆಲ ಅಲುಗಿಸುವುದೂ ಕಾಣಬಹುದು.

ಭೂಕಂಪಕ್ಕೇ ಕಾಯುತ್ತಾ ಕೂತರೆ ಮಕ್ಕಳಿಗೆ ಬೇಜಾರಾಗುತ್ತದೆ. ಮೊದಲ ತಿಂಗಳು ಶಾಲೆಯ ನೆಲವನ್ನೇ ಓದಿಸಿ. ಇಂಟರ್‌ವಲ್ ಗಂಟೆ, ಬೆಳಗಿನ ಬಸ್ಸು, ಕಬಡ್ಡಿ, ಭಾನುವಾರದ ಮೌನ, ಎಲ್ಲಕ್ಕೂ ಬೇರೆ ಬೇರೆ ಗೆರೆ. 2020ರ ಲಾಕ್‌ಡೌನ್‌ನಲ್ಲಿ ಜಗತ್ತಿನ ನೂರಾರು ಕೇಂದ್ರಗಳಲ್ಲಿ ಮನುಷ್ಯರ ಓಡಾಟದ ಕಂಪನ ಅರ್ಧದವರೆಗೂ ಇಳಿದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದರು. ನಿಮ್ಮ ಮಕ್ಕಳು ಅದನ್ನೇ ಶನಿವಾರ ಮಧ್ಯಾಹ್ನ ಬೆಲ್ ಹೊಡೆದ ಮೇಲೆ ನೋಡುತ್ತಾರೆ.

ಪ್ರಶ್ನೆ: 2021ರ ಜನವರಿ 21ರ ರಾತ್ರಿ ಹುಣಸೋಡು ಕ್ವಾರಿಯ ಸ್ಫೋಟವಾದಾಗ ನಾವೆಲ್ಲ ಭೂಕಂಪ ಅಂದುಕೊಂಡು ಬೀದಿಗೆ ಓಡಿ ಬಂದೆವು. ಇಂಥ ಯಂತ್ರ ಇದ್ದಿದ್ದರೆ ಯಾವುದು ಅಂತ ಗೊತ್ತಾಗುತ್ತಿತ್ತಾ?
- ಓದುಗರು, ಶಿವಮೊಗ್ಗ

ಉತ್ತರ: ಸುಳಿವು ಸಿಗುತ್ತಿತ್ತು. ಸ್ಫೋಟ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ, ಹಾಗಾಗಿ ಯಾವ ಊರಲ್ಲಿ ಅಳೆದರೂ ನೆಲದ ಮೊದಲ ಚಲನೆ ಮೇಲಕ್ಕೆ. ಭೂಕಂಪದಲ್ಲಿ ಬಂಡೆಗಳು ಒಂದರ ಪಕ್ಕ ಒಂದು ಜಾರುತ್ತವೆ, ಕೆಲವು ಊರಲ್ಲಿ ಮೊದಲು ಮೇಲಕ್ಕೆ, ಕೆಲವು ಕಡೆ ಕೆಳಕ್ಕೆ. ಜೊತೆಗೆ ಭೂಕಂಪದಲ್ಲಿ ಮೊದಲ ಅಲೆಯ ಹಿಂದೆ ಬರುವ, ನೆಲವನ್ನು ಅಡ್ಡಡ್ಡ ಅಲುಗಿಸುವ ಎಸ್ ಅಲೆ ಜೋರಾಗಿರುತ್ತದೆ, ಸ್ಫೋಟದಲ್ಲಿ ಸಾಮಾನ್ಯವಾಗಿ ಸೊರಗಿರುತ್ತದೆ. ಅಂದರೆ ಒಂದು ಶಾಲೆ ಸಾಲದು, ನಾಲ್ಕು ಊರಿನ ನಾಲ್ಕು ಶಾಲೆ ಬೇಕು. ಇನ್ನೊಂದು ಸರಳ ಗುರುತು: ಸ್ಫೋಟ 10 ಕಿ.ಮೀ. ದೂರದಲ್ಲಾದರೆ ನೆಲದ ಅಲೆ ಎರಡು ಸೆಕೆಂಡಿನಲ್ಲಿ ಬರುತ್ತದೆ, ಗಾಳಿಯ ಸದ್ದು ಅರ್ಧ ನಿಮಿಷದ ಹತ್ತಿರ ತಡವಾಗಿ ಬಂದು ಕಿಟಕಿ ಗಾಜು ನಡುಗಿಸುತ್ತದೆ. ಸ್ಫೋಟವೋ ಭೂಕಂಪವೋ ಅಂತ ಬೇರ್ಪಡಿಸುವುದು ಎಷ್ಟು ದೊಡ್ಡ ವಿದ್ಯೆ ಅಂದರೆ, ಅಣುಪರೀಕ್ಷೆಗಳನ್ನು ಪತ್ತೆಹಚ್ಚಲೆಂದೇ 1960ರ ದಶಕದಲ್ಲಿ ನಮ್ಮ ಗೌರಿಬಿದನೂರಿನಲ್ಲಿ ಎಲ್ ಆಕಾರದಲ್ಲಿ ಭೂಕಂಪಮಾಪಕಗಳ ಸಾಲನ್ನೇ ನೆಟ್ಟರು.

ಪ್ರಶ್ನೆ: ಭೂಕಂಪ ಆಗುವ ಮೊದಲೇ ಈ ಯಂತ್ರ ಹೇಳುತ್ತದಾ ಸಾರ್?
- ಪಿಯುಸಿ ವಿದ್ಯಾರ್ಥಿ, ಭದ್ರಾವತಿ

ಉತ್ತರ: ಇಲ್ಲಪ್ಪ. ಯಾವ ಯಂತ್ರವೂ ಹೇಳುವುದಿಲ್ಲ. ಆದರೆ ಎಷ್ಟು ದೂರದಲ್ಲಿ ಆಯಿತು ಅಂತ ನೀನೇ ಹೇಳಬಹುದು. ಮೊದಲು ಬರುವುದು ವೇಗದ ಪಿ ಅಲೆ, ಹಿಂದೆ ನಿಧಾನದ ಎಸ್ ಅಲೆ. ನಡುವಿನ ಸೆಕೆಂಡುಗಳನ್ನು ಎಣಿಸಿ ಸುಮಾರು 8ರಿಂದ ಗುಣಿಸು, ಕಿಲೋಮೀಟರ್ ಬರುತ್ತದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಹತ್ತಿರ ದೊಡ್ಡ ಭೂಕಂಪವಾಗಿತ್ತು. ಅಲ್ಲಿಂದ ಶಿವಮೊಗ್ಗಕ್ಕೆ ನೇರ ಗೆರೆ ಎಳೆದರೆ ಸುಮಾರು 430 ಕಿ.ಮೀ. ಹಾಗಾದರೆ ನಡುವಿನ ಅಂತರ ಐವತ್ತು ಸೆಕೆಂಡು ಚಿಲ್ಲರೆ. ಕೊಯ್ನಾ ಸುತ್ತ ಈಗಲೂ ನೆಲ ಆಗಾಗ ಅಲುಗುತ್ತಿರುತ್ತದೆ, ಆದರೆ ಚಿಕ್ಕವು ನಿನ್ನ ಸ್ಪ್ರಿಂಗಿಗೆ ಸಿಗುವುದಿಲ್ಲ, ಭೂಕಂಪದ ಪ್ರಮಾಣ (ಮ್ಯಾಗ್ನಿಟ್ಯೂಡ್) 5ರ ಮೇಲಿನದ್ದಾದರೆ ಆಸೆ ಇಟ್ಟುಕೋ. ಅಂದಹಾಗೆ ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆಂದು ಪವರ್ ಬ್ಯಾಂಕ್ ಜೋಡಿಸಿದರೆ ಒಮ್ಮೆ ಪರೀಕ್ಷಿಸು. ಊನೊ ಎಳೆಯುವ ಕರೆಂಟ್ ತೀರಾ ಕಡಿಮೆ, ಕೆಲವು ಪವರ್ ಬ್ಯಾಂಕ್ ಫೋನ್ ಚಾರ್ಜ್ ಆಯಿತು ಅಂದುಕೊಂಡು ಸುಮ್ನೆ ಆಫ್ ಆಗಿಬಿಡುತ್ತವೆ.