ನೀವು ಕೇಳಿದಿರಿ: ಬರ್ಲಿನ್‌ನ ಬೂಟ್ಸ್

ಪ್ರಶ್ನೆ: ಹಳೆಯ ರೆಕಾರ್ಡ್ ಒಂದು ಸಿಕ್ಕಿದೆ, ಬ್ಯಾಂಡ್ ಹೆಸರು 'ದಿ ಬೂಟ್ಸ್'. ಹಾಡುವುದು ಇಂಗ್ಲಿಷ್, ಕಂಪನಿ ಜರ್ಮನಿಯದು. ಯಾರಿವರು?

ಉತ್ತರ: ಒಳ್ಳೆಯ ಬೇಟೆ! ಇವರು ಪಶ್ಚಿಮ ಬರ್ಲಿನ್‌ನ ಹುಡುಗರು, ಗಾಯಕ ವರ್ನರ್ ಕ್ರಾಬ್ಬೆ. ಟೆಲಿಫುಂಕೆನ್ ಕಂಪನಿ ಇವರ ಮೊದಲ ಎಲ್‌ಪಿ ತಂದದ್ದು 1966ರಲ್ಲಿ. ಆಗ ಜರ್ಮನಿಯಲ್ಲಿ ಬೀಟ್, ಅಂದರೆ ಗಿಟಾರ್ ಮತ್ತು ಡ್ರಮ್ಮಿನ ಜೋರು ತಾಳದ ಪಾಪ್ ಸಂಗೀತ, ಜ್ವರದಂತೆ ಹಬ್ಬಿತ್ತು. 1962ರಲ್ಲಿ ಹ್ಯಾಂಬರ್ಗ್‌ನಲ್ಲಿ ಸ್ಟಾರ್ ಕ್ಲಬ್ ತೆರೆದಾಗ ಬೀಟಲ್ಸ್ ಅಲ್ಲೇ ನುಡಿಸಿದ್ದರು, ಅದನ್ನು ನೋಡಿದ ಹುಡುಗರೆಲ್ಲ ಗಿಟಾರ್ ಹಿಡಿದರು. ಬೂಟ್ಸ್ ಮಾತ್ರ ಬೀಟಲ್ಸ್‌ರ ನಯವಾದ ದಾರಿಗೆ ಹೋಗದೆ, ಲಂಡನ್ನಿನ ಒರಟು ರಿದಮ್ ಅಂಡ್ ಬ್ಲೂಸ್ ಸಂಗೀತದ ಹಿಂದೆ ಬಿದ್ದರು.

ಪ್ರಶ್ನೆ: ಹಾಗಾದರೆ ಇದು ಸುಮ್ನೆ ನಕಲು ಅಲ್ವಾ?

ಉತ್ತರ: ನಕಲೇ, ಅದೂ ನಕಲಿನ ನಕಲು! ರಿದಮ್ ಅಂಡ್ ಬ್ಲೂಸ್ ಮೂಲದಲ್ಲಿ ಅಮೆರಿಕದ ಕಪ್ಪು ಜನರ ಹಾಡು; ಅದನ್ನು ಲಂಡನ್ನಿನವರು ಎತ್ತಿಕೊಂಡರು, ಅವರಿಂದ ಇವರು. ಆದರೆ ಮೂರನೇ ಕೈಗೆ ಬರುವಷ್ಟರಲ್ಲಿ ಏನೋ ಬದಲಾಗಿಬಿಡುತ್ತದೆ ನೋಡಿ: ಭಾಷೆ ತಮ್ಮದಲ್ಲ, ಆದ್ದರಿಂದ ಪದಗಳ ಮೇಲೆ ಹಿಡಿತ ಕಡಿಮೆ, ಅರಚಾಟ ಜಾಸ್ತಿ. ನನಗಂತೂ ಆ ಒರಟುತನವೇ ಇಷ್ಟ. ಇದೇ ಕಾಲದ ಹ್ಯಾಂಬರ್ಗ್‌ನ ಬ್ಯಾಂಡ್ ರ್‍ಯಾಟಲ್ಸ್ ಹೆಚ್ಚು ಹೆಸರು ಮಾಡಿದರು, 1963ರಲ್ಲಿ ಇಂಗ್ಲೆಂಡಿಗೂ ಹೋಗಿ ನುಡಿಸಿ ಬಂದರು. ಅವರನ್ನೂ ಕೇಳಿ, ಆದರೆ ಮೊದಲು ನಿಮ್ಮ ರೆಕಾರ್ಡಿನ ಧೂಳು ಒರೆಸಿ.