ಬಾಲ್‌ಗೆ ತೂತು ಕೊರೆಸುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹತ್ತು ಪಿನ್ ಉರುಳಿಸುವ ಬೌಲಿಂಗ್ ಬಗ್ಗೆ ಕರಾವಳಿ ಮತ್ತು ಘಟ್ಟದ ಮೇಲಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವರು ಗೋವಾಕ್ಕೋ ಬೆಂಗಳೂರಿಗೋ ಹೋದಾಗ ಆಡುವವರು, ಸ್ವಂತ ಬಾಲ್ ಕೊಂಡವರು ಅಥವಾ ಕೊಳ್ಳಲು ಹೊರಟವರು.

ಪ್ರಶ್ನೆ: ಗೋವಾದಲ್ಲಿ ಆಡುವ ಗೆಳೆಯನ ಬಾಲ್ ಕೊನೆಯಲ್ಲಿ ಚೆನ್ನಾಗಿ ತಿರುಗುತ್ತದೆ. ಅವನ ಲೇಔಟ್ (ತೂತು ಎಲ್ಲಿ ಕೊರೆಯಬೇಕೆಂಬ ಅಳತೆ) 50 × 4½ × 30 ಅಂತೆ, ಬಾಲ್ ಮೇಲಿನ ಪಿನ್ ಚುಕ್ಕೆ ಬೆರಳಿನ ತೂತುಗಳ ಮೇಲ್ಗಡೆ ಇದೆ. ನನ್ನ ಹೊಸ ಬಾಲ್‌ಗೂ ಹಾಗೇ ಕೊರೆಸಬಹುದೇ?
— ಕೋಡಿಬಾಗ, ಕಾರವಾರ

ಉತ್ತರ: ಸಂಖ್ಯೆಗಳನ್ನು ಬೇಕಾದರೆ ತೆಗೆದುಕೊಳ್ಳಿ, ಆದರೆ ಪಿನ್ ಚುಕ್ಕೆ ಕೂತ ಜಾಗವನ್ನು ನೋಡಿ ನಕಲು ಮಾಡಿಸಬೇಡಿ. ಈ ಮೂರೂ ಅಳತೆ ಹುಟ್ಟುವುದು ಬೆರಳಿನ ತೂತಿನಿಂದಲ್ಲ, ಪಿಎಪಿಯಿಂದ. ಕೈಬಿಟ್ಟ ಕ್ಷಣದಲ್ಲಿ ಬಾಲ್ ಯಾವ ಅಕ್ಷದ ಸುತ್ತ ತಿರುಗುತ್ತದೋ, ಆ ಅಕ್ಷ ಬಾಲ್‌ನ ಮೇಲ್ಮೈಯನ್ನು ಮುಟ್ಟುವ ಬಿಂದುವೇ ಪಿಎಪಿ (ಪಾಸಿಟಿವ್ ಆ್ಯಕ್ಸಿಸ್ ಪಾಯಿಂಟ್). ಬಲಗೈ ಆಟಗಾರರಿಗೆ ಅದು ಹಿಡಿತದ ಬಲಕ್ಕಿರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಕಡೆ.

ನಡುವಿನ 4½, ಬಾಲ್ ಒಳಗಿನ ತಿರುಳಿನ ತುದಿಯನ್ನು ತೋರುವ ಪಿನ್ ಚುಕ್ಕೆಯಿಂದ ಪಿಎಪಿಗೆ ಇರುವ ಇಂಚುಗಳು. ಬಾಲ್ ಉರುಳುತ್ತ ಅಕ್ಷ ಸರಿದಂತೆ, ಲೇನ್‌ಗೆ ಬಳಿದ ಎಣ್ಣೆಯ ಉಂಗುರಗಳು ಅದರ ಮೇಲೆ ಒಂದರ ಪಕ್ಕ ಒಂದು ಹರಡುವುದೇ ಫ್ಲೇರ್. ಅದು ಎಷ್ಟು ಎಂಬುದನ್ನು ಬಹುಪಾಲು ನಿರ್ಧರಿಸುವುದು ಈ ದೂರವೇ. 3⅜ ಇಂಚಿಗೆ ಫ್ಲೇರ್ ಗರಿಷ್ಠ. ಸೊನ್ನೆಗೂ 6¾ಕ್ಕೂ ಕನಿಷ್ಠ. ಬಾಲ್‌ನ ಸುತ್ತಳತೆ ಸುಮಾರು 27 ಇಂಚು, ಅದರ ಕಾಲು ಭಾಗ 6¾, ಎಂಟನೇ ಒಂದು ಭಾಗ 3⅜. ಲೆಕ್ಕ ಬಂದದ್ದು ಅಲ್ಲಿಂದ. ಮೊದಲ ಸಂಖ್ಯೆ ಡ್ರಿಲ್ಲಿಂಗ್ ಕೋನ, ಅಂದರೆ ಪಿನ್‌ನಿಂದ ಪಿಎಪಿಗೆ ಎಳೆದ ಗೆರೆಗೂ, ಪಿನ್‌ನಿಂದ ತಿರುಳಿನ ಭಾರ ವಾಲಿದ ಕಡೆಯ ಗುರುತಿಗೆ ಎಳೆದ ಗೆರೆಗೂ ನಡುವಿನ ಡಿಗ್ರಿ: ಹೆಚ್ಚಿದಷ್ಟೂ ಬಾಲ್ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ. ಕೊನೆಯದು ಪಿನ್‌ನಿಂದ ಪಿಎಪಿಗೆ ಎಳೆದ ಗೆರೆಗೆ, ಪಿಎಪಿಯ ಮೂಲಕ ಹಾಯುವ ಲಂಬರೇಖೆಯ ಜೊತೆಗಿನ ಕೋನ: ಕಡಿಮೆಯಾದಷ್ಟೂ ಹುಕ್‌ನಿಂದ (ಬಾಗಿ ತಿರುಗುವುದರಿಂದ) ಉರುಳಿಗೆ ಬದಲಾಗುವುದು ಚುರುಕು, ಹೆಚ್ಚಿದರೆ ನಿಧಾನ.

ಈಗ ನಕಲಿನ ತೊಂದರೆ ನೋಡಿ. ಗೆಳೆಯನ ಪಿಎಪಿ ಹಿಡಿತದ ಮಧ್ಯದಿಂದ 5 ಇಂಚು ಬಲಕ್ಕೆ, ನಿಮ್ಮದು 3¾ ಇಂಚು ಬಲಕ್ಕೆ ಎಂದಿಟ್ಟುಕೊಳ್ಳಿ. ಅವನ ಬಾಲ್‌ನಲ್ಲಿ ಪಿನ್ ಇರುವ ಕಡೆಯೇ ನಿಮ್ಮದರಲ್ಲೂ ಇಟ್ಟರೆ 4½ ಇಂಚು ಇದ್ದದ್ದು 4ರ ಹತ್ತಿರಕ್ಕೂ, 30 ಡಿಗ್ರಿ 20ರ ಹತ್ತಿರಕ್ಕೂ ಇಳಿಯುತ್ತದೆ. ಹೊರಗೆ ನೋಡಲು ಒಂದೇ ಥರ, ಒಳಗೆ ಬೇರೆಯೇ ಲೇಔಟ್. ಇನ್ನೊಂದು ಮಾತು: ಸಿಮೆಟ್ರಿಕ್ (ಸುತ್ತಲೂ ಸಮವಾದ) ತಿರುಳಿನ ಬಾಲ್ ಆದರೆ ಡ್ರಿಲ್ಲಿಂಗ್ ಕೋನದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದರ ಪರಿಣಾಮ ಅತ್ಯಲ್ಪ. ಪ್ಲಾಸ್ಟಿಕ್ ಬಾಲ್‌ಗಂತೂ ಯಾವ ಲೇಔಟ್ ಕೊಟ್ಟರೂ ಹೆಚ್ಚುಕಡಿಮೆ ನೇರವೇ ಹೋಗುತ್ತದೆ. ಅದಕ್ಕೆ ಲೇಔಟ್ ಶುಲ್ಕ ಎಂದು ಪ್ರತ್ಯೇಕ ಹಣ ಕೇಳಿದರೆ ಕೊಡಬೇಡಿ.

ಪ್ರಶ್ನೆ: ಪಿಎಪಿಯನ್ನು ನಾವೇ ಕಂಡುಹಿಡಿಯಬಹುದೇ? ಅಂಗಡಿಗೆ ಹೋಗುವಾಗ ಅಳತೆ ಕೈಯಲ್ಲೇ ಇದ್ದರೆ ಒಂದು ಪ್ರಯಾಣ ಉಳಿಯುತ್ತದೆ.
— ಅಂಕೋಲಾ

ಉತ್ತರ: ಖಂಡಿತ. ನಿಮ್ಮ ಕೈಗೆ ಸರಿಹೊಂದುವ ಹಿಡಿತದ ಪ್ಲಾಸ್ಟಿಕ್ ಬಾಲ್ ಬೇಕು. ಅದು ಬಹಳ ಕಡಿಮೆ ಫ್ಲೇರ್ ಆಗುವುದರಿಂದ ಲೇನ್‌ನ ಎಣ್ಣೆ ಅದರ ಮೇಲೆ ಹತ್ತಾರು ಉಂಗುರ ಬಿಡದೆ ಹೆಚ್ಚುಕಡಿಮೆ ಒಂದೇ ಉಂಗುರ ಬಿಡುತ್ತದೆ. ಒರೆಸಿದ ಬಾಲ್ ಎಸೆಯಿರಿ, ಮರಳಿ ಬಂದ ಕೂಡಲೇ ಆ ಉಂಗುರದ ಮೇಲೆ ಗ್ರೀಸ್ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಉಂಗುರದ ಮೂರು ನಾಲ್ಕು ಕಡೆಯಿಂದ, ಗೆರೆಗೆ ನೇರ ಅಡ್ಡವಾಗಿ, ಹಿಡಿತದ ಬಲಬದಿಯ ಕಡೆಗೆ ಬಟ್ಟೆ ಅಳೆಯುವ ಟೇಪಿನಲ್ಲಿ ಅಳೆಯುತ್ತ ಹೋಗಿ. ಎಲ್ಲ ಕಡೆಯಿಂದಲೂ ಸಮ ದೂರದಲ್ಲಿ ಬರುವ ಬಿಂದುವೇ ನಿಮ್ಮ ಪಿಎಪಿ. ಎಡಗೈಯವರಿಗೆ ಇದು ಹಿಡಿತದ ಎಡಬದಿಗೆ.

ಅಲ್ಲೊಂದು ಚೂರು ಬಿಳಿ ಟೇಪ್ ಅಂಟಿಸಿ ಮತ್ತೆ ಎಸೆದು, ಹಿಂದಿನಿಂದ ಗೆಳೆಯರ ಕೈಲಿ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಸಿ. ಕೈಬಿಟ್ಟ ಕೂಡಲೇ ಟೇಪ್ ನಿಂತಲ್ಲೇ ನಿಂತಂತೆ ಕಂಡರೆ ಜಾಗ ಸರಿ. ಓಲಾಡುವ ಬುಗುರಿಯ ತಲೆಯಂತೆ ಸುತ್ತು ಹಾಕುತ್ತಿದ್ದರೆ ಕಾಲು ಇಂಚು ಸರಿಸಿ ಮತ್ತೆ ನೋಡಿ. ಕೊನೆಗೆ ಬರೆದುಕೊಳ್ಳಬೇಕಾದದ್ದು ಎರಡೇ: ಹಿಡಿತದ ಮಧ್ಯಬಿಂದುವಿನಿಂದ ಅಡ್ಡಕ್ಕೆ ಎಷ್ಟು ಇಂಚು, ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಎಷ್ಟು. ಬಾಡಿಗೆ ಬಾಲ್‌ನಲ್ಲಿ ಅಳೆದದ್ದು ನಂಬಬೇಡಿ. ಸಡಿಲ ತೂತಿನಲ್ಲಿ ಕೈ ಬಾಲನ್ನು ಹಿಂಡುತ್ತದೆ, ಬಿಡುವ ರೀತಿಯೇ ಬದಲಾಗುತ್ತದೆ.

ಪ್ರಶ್ನೆ: ನನ್ನ ಬಾಲ್ ಲೇನ್ ಮೇಲೆ ಟಕ್ ಟಕ್ ಎನ್ನುತ್ತ ಹೋಗುತ್ತದೆ. ಕೆಲವೊಮ್ಮೆ ತಿರುಗಬೇಕಾದ ಕಡೆ ಜಾರಿಬಿಡುತ್ತದೆ. ಕೊರೆದವರ ತಪ್ಪೇ?
— ಕುಮಟಾ

ಉತ್ತರ: ಬಾಲ್ ತನ್ನದೇ ತೂತಿನ ಮೇಲೆ ಉರುಳುತ್ತಿದೆ. ತೂತು ಲೇನ್‌ಗೆ ತಾಗಿದಾಗಲೆಲ್ಲ ಆ ಸದ್ದು. ಆ ಕ್ಷಣ ಲೇನ್ ಮೇಲೆ ಬಾಲ್‌ನ ಹಿಡಿತ ತಪ್ಪುವುದರಿಂದಲೇ ಜಾರುವುದು. ಕೊರೆದವರನ್ನು ಬೈಯುವ ಮೊದಲು ಉಂಗುರಗಳನ್ನು ನೋಡಿ. ಮೊದಲ ಉಂಗುರ ಎಲ್ಲಿ ಬೀಳುತ್ತದೆ ಎಂಬುದು ನಿಮ್ಮ ಕೈಯ ಕೆಲಸ, ಅದನ್ನು ಯಾವ ಲೇಔಟೂ ಬದಲಿಸುವುದಿಲ್ಲ. ನಂತರದ ಉಂಗುರಗಳು ಎಷ್ಟು ಹರಡುತ್ತವೆ, ಎತ್ತ ಹೋಗುತ್ತವೆ ಎಂಬುದಷ್ಟೇ ಲೇಔಟ್‌ನ ಪಾಲು. ಫ್ಲೇರ್ ಕಡಿಮೆ ಇರುವ ಪ್ಲಾಸ್ಟಿಕ್ ಬಾಲ್‌ನಲ್ಲೂ ಅದೇ ಸದ್ದು ಬಂದರೆ ಮೊದಲ ಉಂಗುರವೇ ತೂತಿಗೆ ತಾಗುತ್ತಿದೆ ಎಂದರ್ಥ; ತಿದ್ದಬೇಕಾದದ್ದು ಬಿಡುವ ಶೈಲಿಯನ್ನು. ಪ್ಲಾಸ್ಟಿಕ್ ಸುಮ್ಮನಿದ್ದು ರಿಯಾಕ್ಟಿವ್ ಬಾಲ್ (ಲೇನ್ ಹಿಡಿದು ತಿರುಗುವ ರಾಳದ ಮೇಲ್ಮೈಯದು) ಮಾತ್ರ ಸದ್ದು ಮಾಡಿದರೆ ಫ್ಲೇರ್ ಹೆಚ್ಚಾಗಿ ತೂತಿನವರೆಗೆ ಹರಡಿದೆ.

ಆಗ ಇರುವ ದಾರಿ: ತೂತು ತುಂಬಿಸಿ, ಪಿನ್‌ನಿಂದ ಪಿಎಪಿಗೆ 5 ಇಂಚು ಅಥವಾ ಹೆಚ್ಚು ಬರುವಂತೆ ಮತ್ತೆ ಕೊರೆಸುವುದು. ತುಂಬಿದ ರಾಳ ಗಟ್ಟಿಯಾಗಲು ಕನಿಷ್ಠ ಒಂದು ದಿನ ಬಿಡಲೇಬೇಕು. ಅವಸರಪಟ್ಟರೆ ಹೊಸ ತೂತಿನ ಅಂಚು ಪುಡಿಯಾಗುತ್ತದೆ. ಅಂಚನ್ನು ಉಜ್ಜಿ ದುಂಡಗೆ ಮಾಡಿಕೊಡುತ್ತೇನೆ ಎನ್ನುವವರಿದ್ದಾರೆ. ಸದ್ದು ತಗ್ಗುತ್ತದೆ, ಜಾರುವುದು ಹಾಗೇ ಉಳಿಯುತ್ತದೆ.

ಪ್ರಶ್ನೆ: ಕೊಂಡಾಗ ಚೆನ್ನಾಗಿ ತಿರುಗುತ್ತಿದ್ದ ರಿಯಾಕ್ಟಿವ್ ಬಾಲ್ ಈಗ ನೇರ ಹೋಗುತ್ತಿದೆ. ಲೇಔಟ್ ಬದಲಿಸಲೇ?
— ಶಿರಸಿ

ಉತ್ತರ: ಬೇಡ. ಲೇಔಟ್ ಹಳತಾಗುವುದಿಲ್ಲ, ಮೇಲ್ಮೈ ಹಳತಾಗುತ್ತದೆ. ರಿಯಾಕ್ಟಿವ್ ಮೇಲ್ಮೈ ಲೇನ್‌ನ ಎಣ್ಣೆ ಹೀರುತ್ತದೆ, ಉರುಳಿ ಉರುಳಿ ನುಣುಪಾಗುತ್ತದೆ. ಮೊದಲು 500ರ ಒರಟು ಉಜ್ಜುವ ಪ್ಯಾಡ್, ಆಮೇಲೆ 1000, ಕೊನೆಗೆ ನಯವಾದ 2000. ಪ್ರತಿಯೊಂದನ್ನೂ ಬಾಲ್‌ನ ಆರೂ ಬದಿಗೆ ಒಂದೇ ಸಮಯ, ಒಂದೇ ಒತ್ತಡದಲ್ಲಿ, ನೀರು ಚಿಮುಕಿಸುತ್ತ ತಿಕ್ಕಿಸಿ. ಪಿನ್ ಅರ್ಧ ಇಂಚು ಸರಿಸುವುದಕ್ಕಿಂತ ಇದರಿಂದ ಆಗುವ ವ್ಯತ್ಯಾಸ ದೊಡ್ಡದು, ಖರ್ಚೂ ಕಡಿಮೆ. ಎಣ್ಣೆ ತೆಗೆಯಲು ತೂತುಗಳಿಗೆ ಟೇಪ್ ಅಂಟಿಸಿ, ಕೈ ತಡೆಯುವಷ್ಟು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಒರೆಸಬಹುದು. ಬಚ್ಚಲ ಹಂಡೆಯ ಕುದಿನೀರು ಬೇಡ, ಅಡಿಕೆ ಡ್ರೈಯರ್ ಪಕ್ಕವೂ ಬೇಡ. ಒಮ್ಮೆಗೇ ಬಿಸಿ ತಗುಲಿದರೆ ತೂತಿನಿಂದ ತೂತಿಗೆ ಬಿರುಕು ಓಡುತ್ತದೆ. ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೂ ಅದೇ ಗತಿ.

ಪ್ರಶ್ನೆ: ಮಳೆಗಾಲದಲ್ಲಿ ಹೆಬ್ಬೆರಳು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೂತು ದೊಡ್ಡದು ಮಾಡಿಸಲೇ?
— ಕಾರವಾರ

ಉತ್ತರ: ಬೆರಳು ಅತಿ ಹೆಚ್ಚು ಊದಿದ ದಿನ ಟೇಪ್ ಇಲ್ಲದೆ ಸಲೀಸಾಗಿ ಹೊರಬರುವಷ್ಟು ಮಾತ್ರ ದೊಡ್ಡದು ಮಾಡಿಸಿ. ಉಳಿದ ದಿನ ಒಳಗೆ ಎರಡು ಮೂರು ಪಟ್ಟಿ ಬೌಲಿಂಗ್ ಟೇಪ್ ಹಾಕಿಕೊಂಡು, ಊದುತ್ತ ಬಂದಂತೆ ಒಂದೊಂದೇ ಕಿತ್ತುಹಾಕಿ. ಎಸೆಯುವ ಕೈಯನ್ನು ಒಣ ಟವೆಲ್‌ನಲ್ಲಿ ಒರೆಸುತ್ತಿರಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಬಾಲ್ ಸಿಕ್ಕಿದೆ. ಬೆರಳಿನ ಮೂರು ತೂತಲ್ಲದೆ ಬದಿಯಲ್ಲಿ ನಾಲ್ಕನೆಯದೊಂದಿದೆ. ಪಂದ್ಯದಲ್ಲಿ ಬಳಸಬಹುದೇ?
— ಹೊನ್ನಾವರ

ಉತ್ತರ: ಅದು ಬ್ಯಾಲೆನ್ಸ್ ಹೋಲ್. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ 2020ರ ಆಗಸ್ಟ್ 1ರಿಂದ ಇದನ್ನು ನಿಷೇಧಿಸಿದೆ. ಆ ನಿಯಮದಂತೆ ನಡೆಯುವ ಪಂದ್ಯಕ್ಕೆ ಹಾಗೇ ಒಯ್ಯುವಂತಿಲ್ಲ. ತುಂಬಿಸಿದರೆ ಆಯಿತು. ನೀವು ಹೆಬ್ಬೆರಳು ಹಾಕದೆ ಎರಡು ಕೈಯಲ್ಲಿ ಎಸೆಯುವವರಾದರೆ ಹೆಬ್ಬೆರಳಿನ ತೂತನ್ನೂ ತುಂಬಿಸಬೇಕು, ಹಿಡಿತಕ್ಕೆ ಬಳಸದ ತೂತಿಗೂ ಅದೇ ನಿಯಮ. ಆ ನಾಲ್ಕನೆಯ ತೂತು ಹಳೆಯ ಮಾಲೀಕರ ಪಿಎಪಿ ಮೇಲೋ ಅದರಾಚೆಗೋ ಇದ್ದರೆ ಫ್ಲೇರ್ ಹೆಚ್ಚಿಸಲೆಂದೇ ಕೊರೆಸಿದ್ದಿರಬೇಕು. ಮುಚ್ಚಿದ ಮೇಲೆ ಬಾಲ್ ತುಸು ಸೌಮ್ಯವಾಗುತ್ತದೆ. ಹೇಗೂ ಅವರ ಕೈಯ ಅಳತೆ ನಿಮಗೆ ಹೊಂದುವುದಿಲ್ಲ. ನಾಲ್ಕನ್ನೂ ಒಟ್ಟಿಗೇ ತುಂಬಿಸಿ, ನಿಮ್ಮ ಪಿಎಪಿಯಿಂದ ಹೊಸದಾಗಿ ಗುರುತು ಹಾಕಿಸಿ ಕೊರೆಸಿ. ಬಾಲ್‌ನ ಬೆಲೆ ಮಾತಾಡುವಾಗ ಈ ಖರ್ಚನ್ನೂ ಕಳೆದು ಕೇಳಿ.